ನಮ್ಮ ಮಾವ ತೂಗಿ ನೋಡಿದ ಮೂರು ಬ್ರೌಸರ್

ನಮ್ಮ ಮಾವನವರನ್ನು ಪೇಟೆಯಲ್ಲಿ ಎಲ್ಲರೂ ‘ಮುಳ್ಳು ಮೇಷ್ಟ್ರು’ ಎಂದೇ ಕರೆಯುವುದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರದೊಂದು ತಕ್ಕಡಿ ರಿಪೇರಿ ಅಂಗಡಿಯಿದೆ. ಮುಳ್ಳು ನಿಲ್ಲಬೇಕಾದ ಕಡೆ ನಿಲ್ಲುವ ತನಕ ತಕ್ಕಡಿಗೂ ಬುದ್ಧಿ ಹೇಳುತ್ತಾರೆ, ತಕ್ಕಡಿ ತಂದವನಿಗೂ ಬುದ್ಧಿ ಹೇಳುತ್ತಾರೆ. ಹಾಗಾಗಿ ಆ ಹೆಸರು. ನಾನು ಅವರ ಸೊಸೆ. ಸೊಸೆ ಮಾವನ ಕಥೆ ಹೇಳಲು ಕೂತಳೆಂದರೆ ಒಂದೋ ಹೊಗಳುತ್ತಾಳೆ, ಇಲ್ಲ ದೂರುತ್ತಾಳೆ ಎಂದು ಜನ ಕಾಯುತ್ತಾರೆ. ನಾನು ಎರಡನ್ನೂ ಮಾಡುವವಳು, ನಿಧಾನವಾಗಿ ಕೇಳಿ.

ಮಾವನ ಕಸುಬಿನಲ್ಲಿ ಕೆಲವು ಕಟ್ಟಳೆಗಳಿವೆ. ಎರಡು ತಟ್ಟೆಯ ತಕ್ಕಡಿಯನ್ನು ಒಂದೇ ಸಲ ತೂಗಿ ನಂಬಬಾರದು. ಎಡತಟ್ಟೆಯಲ್ಲಿದ್ದುದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಾಯಿಸಿ ಇನ್ನೊಮ್ಮೆ ತೂಗಬೇಕು. ಮುದ್ರೆ ಒತ್ತುವ ಮೊದಲು ತಕ್ಕಡಿಯ ಯಜಮಾನನೇ ಮುಳ್ಳು ನೋಡಿ ತೂಕವನ್ನು ಜೋರಾಗಿ ಓದಿ ಹೇಳಬೇಕು, ನಾಳೆ ತಕರಾರು ಬರಬಾರದು. ಮೂರು ತಕ್ಕಡಿಗಳು ಒಂದೇ ತಪ್ಪು ತೋರಿಸಿದರೆ ತಕ್ಕಡಿ ಬಿಚ್ಚಬಾರದು, ತೂಕದ ಕಲ್ಲನ್ನು ಪರೀಕ್ಷಿಸಬೇಕು. ಕೊನೆಯದು ಅವರ ಗುರುಗಳದು: ಮುಳ್ಳಿಗೂ ಕಣ್ಣಿಗೂ ನಡುವೆ ಗಾಜು ಇರಕೂಡದು. ತಕ್ಕಡಿಯ ಮುಖಕ್ಕಿರುವ ಗಾಜನ್ನು ತೆಗೆದಿಟ್ಟು ಪರೀಕ್ಷೆ ಮಾಡಬೇಕು ಎಂಬುದಷ್ಟೇ ಅದರ ಅರ್ಥ. ಆದರೆ ಆ ಪುಣ್ಯಾತ್ಮರು ತಮಗೆ ಕನ್ನಡಕ ಬಂದ ದಿನವೇ ಅಂಗಡಿಯ ಬೀಗದ ಕೈಯನ್ನು ಮಾವನ ಕೈಗಿಟ್ಟು ಮನೆಗೆ ಹೋದರಂತೆ. ಈ ಕಥೆಯನ್ನು ನಾನು ಈ ಮನೆಗೆ ಬಂದ ಒಂಬತ್ತು ವರ್ಷಗಳಲ್ಲಿ ಕಿವಿ ತೂತಾಗುವಷ್ಟು ಕೇಳಿದ್ದೇನೆ. ಕೇಳಿದ್ದೆನೇ ಹೊರತು ಅದರ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ನನ್ನ ಕಸುಬು ಬ್ರೆಡ್ಡು. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಒಲೆ, ಒಂದು ಉದ್ದನೆಯ ಮೇಜು, ಒಂದು ಮುಳ್ಳಿನ ತಕ್ಕಡಿ ಇಟ್ಟುಕೊಂಡು ದಿನಕ್ಕೆ ಮೂವತ್ತು ಬ್ರೆಡ್ಡು ಮಾಡುತ್ತೇನೆ. ಓಣಿಯ ಎರಡು ಅಂಗಡಿಯವರು ಕೊಳ್ಳುತ್ತಾರೆ. ಒಂದೆರಡು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಬ್ರೆಡ್ಡು ಗಟ್ಟಿಯಾಗತೊಡಗಿತು. ಹಿಟ್ಟು ಬದಲಾಯಿಸಿದೆ, ಈಸ್ಟ್ ಬದಲಾಯಿಸಿದೆ, ಒಲೆಯ ಬಾಗಿಲಿನ ರಬ್ಬರ್ ಬದಲಾಯಿಸಿದೆ. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ಚಹದಲ್ಲಿ ಅದ್ದುವ ಹೊತ್ತನ್ನು ಮಾತ್ರ ಹೆಚ್ಚಿಸಿದರು. ಮಾವ ಸುಮ್ಮನಿರುವವರಲ್ಲ.

“ಈ ಒಲೇದೇ ತಪ್ಪು ಮಾವ, ಬಿಸಿ ಸಮ ಬರ್ತಿಲ್ಲ” ಎಂದೆ ಒಂದು ದಿನ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದರು ಮಾವ, ಬ್ರೆಡ್ಡಿನ ತುಂಡನ್ನು ಮೇಜಿಗೆ ಕುಟ್ಟಿ ಸದ್ದು ಕೇಳಿಸಿಕೊಳ್ಳುತ್ತ. “ಮೊದಲು ಕೈ ನೋಡ್ಕೋ ಮಗಳೇ, ಆಮೇಲೆ ಒಲೆ.”

ನಗುತ್ತಲೇ ಹೇಳಿದರು. ಆದರೆ ನನಗೆ ಉರಿಯಿತು. ಈ ಮಾತಿಗೆ ಬಡ್ಡಿ ಸಮೇತ ಉತ್ತರ ಕೊಡುವ ದಿನ ಬಂದೇ ಬರುತ್ತದೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಟ್ಟೆ.

ಆ ದಿನ ಬಂದದ್ದು ಒಂದು ಲಕೋಟೆಯ ರೂಪದಲ್ಲಿ. ತಕ್ಕಡಿ ರಿಪೇರಿ ಮಾಡಿ ಮುದ್ರೆ ಒತ್ತುವವರಿಗೆ ಸರ್ಕಾರದ ಪರವಾನಗಿ ಬೇಕು. ಇಷ್ಟು ವರ್ಷ ಅರ್ಜಿ ಕೊಟ್ಟು ಸಹಿ ಹಾಕಿದರೆ ಅದು ಮುಂದುವರಿಯುತ್ತಿತ್ತು. ಈ ಸಲ ಹೊಸ ನಿಯಮ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯಬೇಕು, ಮನೆಯಲ್ಲೇ ಕೂತು ಬರೆಯಬಹುದು. ಮೂವತ್ತು ಪ್ರಶ್ನೆ, ಮೂವತ್ತು ನಿಮಿಷ, ಇಪ್ಪತ್ತೈದು ಸರಿಯಾಗಬೇಕು. ಒಂದೇ ಅವಕಾಶ. ತಪ್ಪಿದರೆ ಪರವಾನಗಿ ರದ್ದು. ಮಾವನ ನಲವತ್ತು ವರ್ಷದ ಮುದ್ರೆಯನ್ನು ಕಚೇರಿಗೆ ಒಪ್ಪಿಸಬೇಕು. ಜೊತೆಗೆ ಒಂದು ಸಾಲು: ‘ಕೆಳಗಿನ ಮೂರು ಬ್ರೌಸರ್‌ಗಳಲ್ಲಿ ಯಾವುದಾದರೂ ಒಂದನ್ನು ಬಳಸಿ. ಪರೀಕ್ಷೆಯ ನಡುವೆ ಬದಲಾಯಿಸುವಂತಿಲ್ಲ.’

ಪ್ರಶ್ನೆಗಳ ಬಗ್ಗೆ ಮಾವನಿಗೆ ಚಿಂತೆ ಇರಲಿಲ್ಲ. ತಕ್ಕಡಿಯ ವಿಷಯದಲ್ಲಿ ಅವರನ್ನು ಅರ್ಧನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಉತ್ತರ ಬರುತ್ತದೆ. ಅವರ ತಲೆಗೆ ಹತ್ತಿಕೊಂಡದ್ದು ಆ ಕೊನೆಯ ಸಾಲು.

“ಬ್ರೌಸರ್ ಅಂದ್ರೇನಮ್ಮಾ?” ಎಂದರು.

“ಇಂಟರ್ನೆಟ್ಟಿನ ಪುಟಗಳನ್ನ ತೋರಿಸೋ ಕಿಟಕಿ ಮಾವ. ಪುಟ ಒಂದೇ, ಕಿಟಕಿ ಬೇರೆ ಬೇರೆ.”

“ಅಂದ್ರೆ ಸಾಮಾನು ಒಂದೇ, ತಕ್ಕಡಿ ಮೂರು.” ಅವರ ಮುಖ ಅರಳಿತು. “ಹಾಗಾದ್ರೆ ಇದು ನನ್ನ ಕೆಲಸಾನೇ. ಮೂರನ್ನೂ ತೂಗಿ ಬಿಡೋಣ.”

ನಡುಮನೆಯಲ್ಲಿ ಅತ್ತೆಯ ಹೊಲಿಗೆ ಯಂತ್ರದ ಪಕ್ಕ ನಮ್ಮ ಹಳೆಯ ಕಂಪ್ಯೂಟರ್ ಇದೆ. ಬಸ್ಸು ಓಡಿಸುವ ನನ್ನ ಗಂಡ ರಜೆಯ ದಿನ ಅದರಲ್ಲಿ ಇಸ್ಪೀಟು ಆಡುವುದು, ನಾನು ಬ್ರೆಡ್ಡಿನ ಚೀಟಿ ಅಚ್ಚು ಹಾಕುವುದು ಬಿಟ್ಟರೆ ಅದಕ್ಕೆ ಬೇರೆ ದುಡಿಮೆ ಇರಲಿಲ್ಲ. ಮೂರು ಬ್ರೌಸರನ್ನೂ ಅದಕ್ಕೆ ಹಾಕಿಕೊಟ್ಟೆ. ಹೆಸರುಗಳು ಮಾವನ ನಾಲಗೆಗೆ ಒಗ್ಗಲಿಲ್ಲ, ಅರ್ಧ ಗಂಟೆಯಲ್ಲಿ ಮೂರಕ್ಕೂ ಹೊಸ ನಾಮಕರಣವಾಯಿತು. ಯಾರ ಮನೆಗೆ ಹೋದರೂ ಕಾಣುವುದಕ್ಕೆ ‘ದೊಡ್ಡಣ್ಣ’. ಕಿತ್ತಳೆ ಬಣ್ಣದ ಬಾಲ ಸುತ್ತಿಕೊಂಡದ್ದಕ್ಕೆ ‘ನರಿ’. ಕಂಪ್ಯೂಟರಿನ ಜೊತೆಗೇ ಮನೆಗೆ ಬಂದು, ನಾವು ಬೇರೆಯವರನ್ನು ಕರೆದಾಗಲೆಲ್ಲ ‘ನಾನೇ ಇದ್ದೀನಲ್ಲ, ನನ್ನನ್ನೇ ಇಟ್ಟುಕೊಳ್ಳಿ’ ಎಂದು ಮುಂದೆ ಬರುವುದಕ್ಕೆ ‘ಮನೆ ಅಳಿಯ’.

“ನಮ್ಮಪ್ಪನ ಮನೇಲಿ ನೀವು ಆರು ತಿಂಗಳು ಇದ್ದಿರಲ್ಲ, ಆ ನೆನಪಿಗೆ ಇಟ್ಟಿರಾ ಈ ಹೆಸರು?” ಎಂದರು ಅತ್ತೆ, ಸೂಜಿಯಿಂದ ತಲೆಯೆತ್ತದೆ.

ಪರೀಕ್ಷೆಗೆ ಹದಿನೈದು ದಿನ ಇತ್ತು. ಮಾವ ಅಂಗಡಿಯಿಂದ ಸೆಕೆಂಡು ಎಣಿಸುವ ಸ್ಟಾಪ್‌ವಾಚ್ ತಂದರು, ಸೀಮೆಸುಣ್ಣ ತಂದರು, ನನ್ನ ಬ್ರೆಡ್ಡಿನ ಕಪ್ಪು ಹಲಗೆಯನ್ನು ಕಿತ್ತುಕೊಂಡು ಗೋಡೆಗೆ ನಿಲ್ಲಿಸಿದರು. ಮೊದಲು ವೇಗ. ಒಂದೇ ಪುಟವನ್ನು ಮೂರರಲ್ಲೂ ತೆರೆಯುವುದು, ಒತ್ತಿದ ಗಳಿಗೆಯಿಂದ ಪುಟ ಪೂರ್ತಿ ಕಾಣುವ ತನಕ ಲೆಕ್ಕ. ಮೊದಲು ದೊಡ್ಡಣ್ಣ, ಆಮೇಲೆ ನರಿ, ಕೊನೆಗೆ ಮನೆ ಅಳಿಯ. ಬೆಳಿಗ್ಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, ಸಂಜೆ ಒಂದು ಸಲ, ಪ್ರತಿ ಸಲವೂ ಕಂಪ್ಯೂಟರನ್ನು ಹೊಸದಾಗಿ ಶುರುಮಾಡಿ. ಮೂರು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ತಕ್ಕಡಿ ಕೊಡಲು ಮನೆಗೆ ಬಂದ ಹಣ್ಣಿನಂಗಡಿಯವನನ್ನೂ ಕೂರಿಸಿ ಹಲಗೆ ತೋರಿಸಿದರು. ಅವನು ಪಾಪ, ಎಲ್ಲದಕ್ಕೂ ತಲೆಯಾಡಿಸಿ, ತಕ್ಕಡಿಯನ್ನು ಅಲ್ಲೇ ಮರೆತು ಹೋದ.

ಮೂರನೆಯ ದಿನ ತೀರ್ಪು ಬಂತು. ದೊಡ್ಡಣ್ಣ ಆರು ಸೆಕೆಂಡು, ನರಿ ಒಂಬತ್ತು, ಮನೆ ಅಳಿಯ ಹದಿನಾಲ್ಕು.

“ನಾನು ಮೊದಲೇ ಹೇಳಲಿಲ್ವಾ? ಅಳಿಯ ಏಳೋದೇ ನಿಧಾನ. ಇವನನ್ನ ಮನೆಯಿಂದ ಕಳಿಸಿಬಿಡು” ಎಂದರು ಮಾವ.

ನಾನು ಹಿಟ್ಟಿನ ಕೈಯಲ್ಲೇ ಬಂದು ಹಲಗೆ ನೋಡಿದೆ. ನೋಡುತ್ತಿದ್ದಂತೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು.

“ಮಾವ, ದೊಡ್ಡಣ್ಣನ್ನ ತೆರೆದ ಮೇಲೆ ಮುಚ್ಚಿದ್ರಾ?”

“ಯಾಕೆ ಮುಚ್ಚಬೇಕು? ಅವನ ಪಾಡಿಗೆ ಅವನು ಇರ್ತಾನೆ.”

“ನರೀನ?”

“ಅದೂ ಇರುತ್ತೆ.”

“ಅಂದ್ರೆ ಒಬ್ಬನಿಗೆ ಖಾಲಿ ಮನೆ, ಇನ್ನೊಬ್ಬನಿಗೆ ಒಬ್ಬರಿರೋ ಮನೆ, ಮೂರನೆಯವನು ಬಂದಾಗ ಕಾಲಿಡೋಕೂ ಜಾಗ ಇಲ್ಲ. ಈ ಕಂಪ್ಯೂಟರಿಗೆ ಇರೋದೇ ಚೂರು ಜಾಗ. ಅದೂ ಮೂರು ದಿನಾನೂ ಅದೇ ಸಾಲು. ತಟ್ಟೆ ಬದಲಾಯಿಸಲೇ ಇಲ್ವಲ್ಲ ಮಾವ ನೀವು!”

ಸೀಮೆಸುಣ್ಣ ಮಾವನ ಕೈಯಲ್ಲೇ ನಿಂತಿತು. ನಲವತ್ತು ವರ್ಷ ಊರಿಗೆಲ್ಲ ‘ತಟ್ಟೆ ಬದಲಾಯಿಸಿ ನೋಡು’ ಎಂದು ಹೇಳಿದ ಮನುಷ್ಯ! ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವ ಹಲಗೆಯನ್ನು ತೋಳಿನಲ್ಲೇ ಒರೆಸಿ, “ಮೊದಲಿಂದ” ಎಂದರು. ತಪ್ಪು ತೋರಿಸಿದರೆ ಸಿಟ್ಟಾಗದೆ ಒರೆಸಿಬಿಡುವ ಆ ಗುಣ ಅವರಲ್ಲಿ ನನಗೆ ಬಹಳ ಇಷ್ಟ.

ಈ ಸಲ ಪ್ರತಿಯೊಂದನ್ನೂ ಒಂಟಿಯಾಗಿ ತೆರೆದು, ಮುಚ್ಚಿ, ಸಾಲು ಬದಲಾಯಿಸಿ ತೂಗಿದರು. ಮೂರರ ನಡುವೆ ಒಂದು ಸೆಕೆಂಡಿನ ವ್ಯತ್ಯಾಸವೂ ಉಳಿಯಲಿಲ್ಲ. ಮನೆ ಅಳಿಯನ ಮೇಲಿದ್ದ ಆರೋಪ ಬಿದ್ದುಹೋಯಿತು. ಅವನು ಪುಟವನ್ನು ಗಟ್ಟಿಯಾಗಿ ಓದಿಯೂ ಹೇಳಬಲ್ಲ ಎಂದು ನಾನು ತೋರಿಸಿದಾಗ ಮಾವನಿಗೆ ಅವನ ಮೇಲೆ ಮಮತೆಯೇ ಬಂತು. ಪರೀಕ್ಷೆಯಲ್ಲಿ ಓದಿ ಹೇಳಿಸಿಕೊಳ್ಳುವಂತಿಲ್ಲ ಎಂದು ಕಾಗದದಲ್ಲಿ ಬರೆದಿತ್ತು, ಇಲ್ಲದಿದ್ದರೆ ಆವತ್ತೇ ಅವನ ಕೊರಳಿಗೆ ಹಾರ ಬೀಳುತ್ತಿತ್ತು.

ಇನ್ನು ಅಸಲು ತೂಕ. ಕಚೇರಿಯ ಪುಟದಲ್ಲಿ ಒಂದು ಮಾದರಿ ಪರೀಕ್ಷೆ ಇತ್ತು. ಎಷ್ಟು ಸಲ ಬೇಕಾದರೂ ಬರೆಯಬಹುದು, ಪ್ರತಿ ಸಲವೂ ಪ್ರಶ್ನೆಗಳು ಬೇರೆ. ಮಾವ ದೊಡ್ಡಣ್ಣನಲ್ಲಿ ಬರೆದರು. ಇಪ್ಪತ್ತೆರಡನೆಯ ಪ್ರಶ್ನೆಗೆ ಸಮಯ ಮುಗಿಯಿತು. ಬರೆದದ್ದೆಲ್ಲ ಸರಿ, ಆದರೆ ಎಂಟು ಪ್ರಶ್ನೆ ಮುಟ್ಟಿಯೇ ಇರಲಿಲ್ಲ. “ಪುಟ ತಿರುಗೋದೇ ನಿಧಾನ” ಎಂದರು. ನರಿಯಲ್ಲಿ ಬರೆದರು. ಇಪ್ಪತ್ತೆರಡು. “ಇದು ಅಕ್ಷರಾನ ಮಸುಕು ಮಾಡುತ್ತೆ” ಎಂದರು. ಮನೆ ಅಳಿಯನಲ್ಲಿ ಬರೆದರು. ಇಪ್ಪತ್ತೊಂದು. “ಇವನ ಬೆಳಕು ಸರಿ ಇಲ್ಲ” ಎಂದರು. ಮಾರನೆಯ ದಿನ ಸಾಲು ಬದಲಾಯಿಸಿ ಮತ್ತೆ ಬರೆದರು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೆರಡು.

ಮಾವ ಮೌಸನ್ನು ಮೇಜಿಗೆ ಕುಕ್ಕಿದರು. “ಇದರಲ್ಲಿ ಯಾವುದೂ ಸರಿ ಇಲ್ಲ. ಮೂರೂ ಹಾಳು. ನಾಲ್ಕನೆಯದು ಯಾವುದಾದ್ರೂ ಇದ್ರೆ ತೆಗೆದುಕೊಡು.”

ನಾನು ಬಾಗಿಲಲ್ಲಿ ನಿಂತಿದ್ದೆ. ಆ ಬೆಳಿಗ್ಗೆ ಒಂದು ಅಂಗಡಿಯವನು ಆರು ಬ್ರೆಡ್ಡು ವಾಪಸು ಕಳಿಸಿದ್ದ, ಅದರ ಉರಿ ಬೇರೆ ಇತ್ತು. ತಿಂಗಳುಗಟ್ಟಲೆ ಗಂಟು ಕಟ್ಟಿ ಇಟ್ಟಿದ್ದ ಮಾತು ತಾನಾಗಿಯೇ ಹೊರಬಿತ್ತು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

ಮಾವ ಹಲಗೆಯ ಕಡೆ ತಿರುಗಿ ಆ ಆರು ಸಂಖ್ಯೆಗಳನ್ನು ನೋಡಿದರು. ಹತ್ತಿರ ಹೋಗಿ ನೋಡಿದರು, ತೀರಾ ಹತ್ತಿರ ಹೋಗಿ ನೋಡಿದರು. ಆಮೇಲೆ ಅಂಗಡಿಯ ಬೀಗದ ಕೈ ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೊರಟುಹೋದರು. ನಾನು ಗೆದ್ದಿದ್ದೆ, ಆದರೆ ಗೆದ್ದ ಸಂತೋಷ ಒಂದು ಚೂರೂ ಆಗಲಿಲ್ಲ.

ಮರುದಿನ ನಾನು ಹಿಟ್ಟು ನಾದುವಾಗ ಮಾವ ಹಿಂದಿನ ಕೋಣೆಗೆ ಬಂದು ಮಣೆಯ ಮೇಲೆ ಕೂತರು.

“ಮಗಳೇ, ಮೂರು ತಕ್ಕಡಿ ಒಂದೇ ತಪ್ಪು ತೋರಿಸಿದ್ರೆ ಏನು ಮಾಡಬೇಕು?”

“ಕಲ್ಲು ನೋಡಬೇಕು” ಎಂದೆ, ನಾದುವುದನ್ನು ನಿಲ್ಲಿಸದೆ. ಹೇಳಿದ ಮೇಲೆ ನನ್ನ ಕೈ ನಿಂತಿತು.

“ಕಲ್ಲು ನಾನೇ” ಎಂದರು ಮಾವ. “ನನಗೆ ಅಕ್ಷರ ಕಾಣಲ್ಲಮ್ಮ. ಒಂದು ವರ್ಷದ ಮೇಲಾಯ್ತು. ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದ್ತೀನಿ, ಊಹೆ ಮಾಡಿ ಜೋಡಿಸ್ಕೊಳ್ತೀನಿ.”

“ಹೇಳಬಾರದಿತ್ತಾ ಮಾವ?”

“ಯಾರಿಗೆ ಹೇಳಲಿ? ಮುಳ್ಳು ಕಾಣದವನ ಹತ್ರ ಯಾರಮ್ಮ ತಕ್ಕಡಿ ತರ್ತಾರೆ? ನಮ್ಮ ಗುರುಗಳು ಕನ್ನಡಕ ಬಂದ ದಿನ ಬೀಗದ ಕೈ ಕೊಟ್ಟರು. ನಾನು ಯಾರಿಗೆ ಕೊಡಲಿ? ಅಂಗಡಿ ಬಿಟ್ಟರೆ ನಾನು ಏನು ಅಂತ ನನಗೇ ಗೊತ್ತಿಲ್ಲ.”

ನನ್ನ ಕಣ್ಣಲ್ಲಿ ನೀರು ಬಂತು. ಒಂದು ವರ್ಷದಿಂದ ಎಷ್ಟೆಲ್ಲ ಕಣ್ಣ ಮುಂದೆಯೇ ಇತ್ತು! ಅಂಗಡಿಯಲ್ಲಿ ‘ನೀನೇ ಓದು, ಜೋರಾಗಿ ಓದು’ ಎಂದು ಗಿರಾಕಿಗಳನ್ನು ಮೊದಲಿಗಿಂತ ಹೆಚ್ಚು ಒತ್ತಾಯ ಮಾಡುತ್ತಿದ್ದರು. ಮನೆಯಲ್ಲಿ ಪೇಪರನ್ನು ಅತ್ತೆಯ ಕೈಗೆ ಕೊಟ್ಟು, ‘ನೀನು ಓದು, ನಿನ್ನ ದನಿಯಲ್ಲಿ ಕೇಳಿದರೆ ಕೆಟ್ಟ ಸುದ್ದೀನೂ ಚೆನ್ನಾಗಿರುತ್ತೆ’ ಎನ್ನುತ್ತಿದ್ದರು. ನಾನು ಅದನ್ನು ಮುದಿಪ್ರಾಯದ ಪ್ರೀತಿ ಎಂದುಕೊಂಡು ನನ್ನ ಗಂಡನಿಗೆ ಕಲಿತುಕೊಳ್ಳಿ ಎಂದು ಬುದ್ಧಿ ಹೇಳಿದ್ದೆ.

ಬಾಗಿಲ ಮರೆಯಿಂದ ಅತ್ತೆ ಒಳಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

“ಅಂದ್ರೆ ನನ್ನ ದನಿ ಚೆನ್ನಾಗಿಲ್ವಾ?”

“ದನಿ ಚೆನ್ನಾಗಿದೆ ಕಣೇ” ಎಂದರು ಮಾವ ಗಾಬರಿಯಿಂದ. “ಕಣ್ಣು ಚೆನ್ನಾಗಿಲ್ಲ.”

“ಏಳಿ ಮೇಲೆ. ಚಪ್ಪಲಿ ಹಾಕ್ಕೊಳ್ಳಿ. ಕಣ್ಣಿನ ಡಾಕ್ಟರು ಹನ್ನೊಂದು ಗಂಟೆ ತನಕ ಇರ್ತಾರೆ” ಎಂದು ಅತ್ತೆ ಅವರ ತೋಳು ಹಿಡಿದೇ ಕರೆದುಕೊಂಡು ಹೋದರು.

ಡಾಕ್ಟರಮ್ಮ ನೋಡಿದರು. ಎರಡು ಕಣ್ಣಿಗೂ ಪೊರೆ. ಹೆದರುವಂಥದ್ದೇನಲ್ಲ, ತೆಗೆದರೆ ಸರಿಹೋಗುತ್ತದೆ, ಆಮೇಲೆ ಓದಲು ಒಂದು ಕನ್ನಡಕ ಸಾಕು ಎಂದರು. ಆದರೆ ಸರದಿ ಸಿಕ್ಕಿದ್ದು ಮುಂದಿನ ತಿಂಗಳು. ಪರೀಕ್ಷೆ ಇದ್ದದ್ದು ಆರು ದಿನದಲ್ಲಿ. ಈಗಲೇ ಕನ್ನಡಕ ಕೊಟ್ಟರೆ ಪ್ರಯೋಜನವಿಲ್ಲ ಎಂದರು. “ಸದ್ಯಕ್ಕೆ ಅಕ್ಷರ ದೊಡ್ಡದು ಮಾಡ್ಕೊಂಡು ಓದಿ, ಅಷ್ಟೇ” ಎಂದು ಕಳಿಸಿದರು.

ಆಗ ಮೂರು ಬ್ರೌಸರನ್ನು ನಿಜವಾಗಿ ತೂಗುವ ಕೆಲಸ ಶುರುವಾಯಿತು. ಇಷ್ಟು ದಿನ ಮಾವ ತೂಗಿದ್ದು ವೇಗವನ್ನು. ಈಗ ನಾವಿಬ್ಬರೂ ಕೂತು ಒಂದೇ ಒಂದು ಪ್ರಶ್ನೆ ಕೇಳಿದೆವು: ಯಾವುದರಲ್ಲಿ ಈ ಕಣ್ಣಿಗೆ ಈ ಪುಟ ಓದಲು ಬರುತ್ತದೆ? ದೊಡ್ಡಣ್ಣನಲ್ಲಿ ಪುಟವನ್ನು ಎರಡರಷ್ಟು ಹಿಗ್ಗಿಸಿದೆ. ಅಕ್ಷರವೇನೋ ದೊಡ್ಡದಾಯಿತು. ಜೊತೆಗೆ ಕಚೇರಿಯ ಲಾಂಛನ, ಬಣ್ಣದ ಪಟ್ಟಿ, ಅಂಚು ಎಲ್ಲವೂ ದೊಡ್ಡದಾಗಿ, ಬಲಗಡೆಯ ಎರಡು ಉತ್ತರಗಳು ಪರದೆಯಿಂದಲೇ ಆಚೆ ಹೋದವು. ಅವನ್ನು ಎಳೆದು ತಂದು ನೋಡಿ ಮತ್ತೆ ಎಡಕ್ಕೆ ಬರುವಷ್ಟರಲ್ಲಿ ಮಾವ ಪ್ರಶ್ನೆಯನ್ನೇ ಮರೆಯುತ್ತಿದ್ದರು. ಮನೆ ಅಳಿಯನಲ್ಲೂ ಅದೇ ಕಥೆ. ನರಿಯ ಸೆಟ್ಟಿಂಗುಗಳಲ್ಲಿ ಕೈಯಾಡಿಸುವಾಗ ಒಂದು ಚೌಕ ಕಣ್ಣಿಗೆ ಬಿತ್ತು: ಅಕ್ಷರವನ್ನು ಮಾತ್ರ ದೊಡ್ಡದು ಮಾಡು. ಅದಕ್ಕೊಂದು ಗುರುತು ಹಾಕಿ ಹಿಗ್ಗಿಸಿದೆ. ಲಾಂಛನ ಇದ್ದಷ್ಟೇ ಇತ್ತು, ಪಟ್ಟಿ ಇದ್ದಷ್ಟೇ ಇತ್ತು. ಅಕ್ಷರಗಳು ಮಾತ್ರ ಉಬ್ಬಿ, ನಾಲ್ಕು ಉತ್ತರಗಳೂ ಪರದೆಯೊಳಗೇ ಒಂದರ ಕೆಳಗೊಂದು ಕೂತವು. ಉಳಿದೆರಡರಲ್ಲೂ ಇಂಥದ್ದು ಎಲ್ಲಾದರೂ ಇದ್ದಿರಬಹುದು, ನನಗೆ ಸಿಕ್ಕಿದ್ದು ಇದರಲ್ಲಿ.

ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಅಷ್ಟು ದೂರದಿಂದಲೇ, ಒಂದು ಪ್ರಶ್ನೆಯನ್ನು ತಡವರಿಸದೆ ಓದಿದರು. ಓದಿ ಮುಗಿಸಿ ನನ್ನ ಮುಖ ನೋಡಿದರು. ಒಂದು ವರ್ಷದ ಮೇಲೆ ಅವರು ಊಹೆ ಮಾಡದೆ ಓದಿದ ಮೊದಲ ಸಾಲು ಅದು. ‘ತಕ್ಕಡಿಯನ್ನು ಸಮತಟ್ಟಾದ ನೆಲದ ಮೇಲೆ ಇಡುವುದೇಕೆ?’ ಎಂದಿತ್ತು.

“ನೆಲ ಡೊಂಕಿದ್ರೆ ತೂಕ ತಪ್ಪುತ್ತೆ ಅಂತ” ಎಂದು ಮಾವ ಉತ್ತರ ಒತ್ತಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ನರೀನೇ ಇರಲಿ” ಎಂದರು ಮಾವ. ಹಲಗೆ ಒರೆಸಿ ನನಗೆ ವಾಪಸು ಕೊಟ್ಟರು.

ಪರೀಕ್ಷೆಯ ದಿನ ಕೋಣೆಯಲ್ಲಿ ಬರೆಯುವವರು ಒಬ್ಬರೇ ಇರಬೇಕು, ಕ್ಯಾಮೆರಾ ನೋಡುತ್ತಿರುತ್ತದೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತರು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಿಗೆ ಕಿವಿಯಿಟ್ಟು ನಿಂತೆವು. ಒಂದು ಪ್ರಶ್ನೆಗೆ ಮೌಸಿನ ಸದ್ದು ಎರಡು ಸಲ ಬರಬೇಕು, ಒಂದು ಉತ್ತರಕ್ಕೆ, ಒಂದು ಮುಂದಿನ ಪ್ರಶ್ನೆಗೆ. ಅತ್ತೆ ಗುಂಡಿ ಡಬ್ಬಿ ತಂದು, ಪ್ರತಿ ಎರಡು ಸದ್ದಿಗೆ ಒಂದೊಂದು ಗುಂಡಿಯನ್ನು ನೆಲದ ಮೇಲಿಡುತ್ತ ಹೋದರು. ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷವಾದಾಗ ಇಪ್ಪತ್ತೊಂದು ಗುಂಡಿ. ಅಲ್ಲಿಗೆ ಸದ್ದು ನಿಂತಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಒಂದು ನಿಮಿಷ, ಎರಡು ನಿಮಿಷ. ನಾನು ಬಾಗಿಲು ತಳ್ಳಿಯೇ ಬಿಡುತ್ತಿದ್ದೆನೇನೋ, ಅಷ್ಟರಲ್ಲಿ ಒಳಗೆ ಮಾವ ಗಟ್ಟಿಯಾಗಿ ಸೀನಿದರು. ಆಮೇಲೆ ಟಕ್, ಟಕ್. ಇಪ್ಪತ್ತೆರಡನೆಯ ಗುಂಡಿ ಬಿತ್ತು, ಮತ್ತೆ ನಿಲ್ಲಲಿಲ್ಲ. ಮೂವತ್ತನೆಯ ಗುಂಡಿ ಬಿದ್ದಾಗ ಇನ್ನೂ ಒಂದೂವರೆ ನಿಮಿಷ ಉಳಿದಿತ್ತು.

ಮಾವ ಬಾಗಿಲು ತೆರೆದರು. ಮುಖ ಗಂಟಿಕ್ಕಿತ್ತು.

“ಇಪ್ಪತ್ತೊಂಬತ್ತು” ಎಂದರು. “ಒಂದು ತಪ್ಪಂತೆ. ತಪ್ಪು ನಂದಲ್ಲ, ಆ ಪ್ರಶ್ನೇನೇ ಸರಿ ಇಲ್ಲ.”

“ನೆಲ…” ಎಂದು ಅತ್ತೆ ಶುರು ಮಾಡಿದರು. “ಸಾಕು ಸಾಕು” ಎಂದು ಮಾವ ಎರಡೂ ಕೈ ಎತ್ತಿದರು. ಅತ್ತೆ ನಗುತ್ತಲೇ ಅತ್ತರು, ಮೂವತ್ತು ಗುಂಡಿಗಳನ್ನು ಆರಿಸಿ ಡಬ್ಬಿಗೆ ತುಂಬುವ ತನಕ ಅಳುತ್ತಲೇ ಇದ್ದರು.

ಮುಂದಿನ ತಿಂಗಳು ಪೊರೆ ತೆಗೆದರು. ಇನ್ನಷ್ಟು ದಿನಗಳ ಮೇಲೆ ಕನ್ನಡಕ ಬಂತು. ಮಾವ ಅದನ್ನು ಹಾಕಿಕೊಂಡು ಅಂಗಡಿಗೆ ಹೋದ ದಿನ ಓಣಿಯವರು ಏನನ್ನುತ್ತಾರೋ ಎಂದು ತಲೆ ತಗ್ಗಿಸಿಯೇ ನಡೆದರಂತೆ. ಹಣ್ಣಿನಂಗಡಿಯವನು ನೋಡಿ, “ಈಗ ಮೇಷ್ಟ್ರ ಹಾಗೆ ಕಾಣ್ತೀರಿ” ಎಂದ. ಅಷ್ಟೇ. ವರ್ಷವಿಡೀ ಹೆದರಿದ್ದು ಅಷ್ಟಕ್ಕೇ ಮುಗಿಯಿತು.

ಆದರೆ ಮಾವ ಅಷ್ಟಕ್ಕೇ ಮುಗಿಸುವವರಲ್ಲ. ಕಣ್ಣು ಮಂಜಾಗಿದ್ದ ವರ್ಷದಲ್ಲಿ ಮುದ್ರೆ ಒತ್ತಿದ ತಕ್ಕಡಿಗಳನ್ನೆಲ್ಲ ಇನ್ನೊಮ್ಮೆ ನೋಡಬೇಕು ಎಂದು ಹೊರಟರು. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ತಾವೇ ಬರೆದರು. ಕಲ್ಲುಗಳ ಚೀಲ ಹೊತ್ತು ಹನ್ನೆರಡು ದಿನ ಅಂಗಡಿ ಅಂಗಡಿ ತಿರುಗಿದರು. ಅರವತ್ತಮೂರು ತಕ್ಕಡಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಯಜಮಾನನೇ ಜೋರಾಗಿ ಓದಬೇಕೆಂಬ ಕಟ್ಟಳೆ ಎಲ್ಲವನ್ನೂ ಕಾಪಾಡಿತ್ತು. ಮಾವನ ಕಣ್ಣು ತಪ್ಪಿದ ಕಡೆ ಗಿರಾಕಿಯ ಕಣ್ಣು ತಪ್ಪಿರಲಿಲ್ಲ. ಕೊನೆಯ ದಿನ ಮನೆಗೆ ಬಂದವರು ಚೀಲವನ್ನು ಕೆಳಗಿಡದೆ ನೇರ ಹಿಂದಿನ ಕೋಣೆಗೆ ಬಂದರು.

“ಇನ್ನೊಂದು ಉಳಿದಿದೆ” ಎಂದರು.

ನನ್ನ ಬ್ರೆಡ್ಡಿನ ತಕ್ಕಡಿ. ಅದರ ಸ್ಪ್ರಿಂಗು ಸಡಿಲವಾಗಿದೆಯೆಂದು ಹಿಂದಿನ ವರ್ಷ ನಾನೇ ಹೇಳಿದ್ದೆ. ಒಂದು ಬೆಳಿಗ್ಗೆ ನಾನು ಅಂಗಡಿಗೆ ಬ್ರೆಡ್ಡು ಕೊಡಲು ಹೋಗಿದ್ದಾಗ ಒಬ್ಬರೇ ಕೂತು ಸರಿಮಾಡಿಟ್ಟಿದ್ದರು. ಮನೆಯ ತಕ್ಕಡಿ, ಮುದ್ರೆ ಬೇಡ, ಜೋರಾಗಿ ಓದುವ ಯಜಮಾನನೂ ಬೇಡ.

ಮುಖದ ಗಾಜು ತೆಗೆದರು. ಮುಳ್ಳು ಸೊನ್ನೆಯಲ್ಲಿ ನೆಟ್ಟಗೆ ನಿಂತಿತ್ತು. ಒಂದು ಕಿಲೋ ಕಲ್ಲನ್ನು ತಟ್ಟೆಯ ಮೇಲಿಟ್ಟರು. ಮುಳ್ಳು ಹೊರಟು, ನಡುಗಿ, ಒಂದು ಕಿಲೋದ ಗೆರೆಗೆ ಮೂರು ಗೆರೆ ಹಿಂದೆ ನಿಂತಿತು. ಒಂದು ಗೆರೆಗೆ ಇಪ್ಪತ್ತು ಗ್ರಾಂ. ನಾನು ಒಂದು ಕಿಲೋ ಹಿಟ್ಟು ಎಂದು ತೂಗಿದಾಗಲೆಲ್ಲ ಅರವತ್ತು ಗ್ರಾಂ ಹೆಚ್ಚು ಹಾಕಿದ್ದೆ. ನೀರು ಮಾತ್ರ ಪಾತ್ರೆಯ ಅಳತೆಯಲ್ಲಿ, ಇದ್ದಷ್ಟೇ. ಬ್ರೆಡ್ಡು ಕಲ್ಲಾಗದೆ ಇನ್ನೇನಾಗುತ್ತದೆ?

ಮಾವ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಮೂರೇ ಗೆರೆ.

“ನಿನ್ನ ನೆಲ ನಿಜವಾಗ್ಲೂ ಡೊಂಕಿತ್ತಮ್ಮ” ಎಂದರು. “ಡೊಂಕು ಮಾಡಿದವನು ನಾನು. ಆಮೇಲೆ ನಿನ್ನ ಕುಣಿತಕ್ಕೆ ಹೆಸರಿಟ್ಟವನೂ ನಾನೇ. ತಪ್ಪಾಯ್ತು.”

“ಇರಲಿ ಬಿಡಿ ಮಾವ” ಎಂದೆ.

ಅವರು ಬಿಡಲಿಲ್ಲ. ಅಲ್ಲೇ ಕೂತು ಸ್ಪ್ರಿಂಗು ಬಿಚ್ಚಿದರು, ತಿರುಗಿಸಿದರು, ಕಲ್ಲಿಟ್ಟರು, ತೆಗೆದರು, ಮತ್ತೆ ಇಟ್ಟರು. ಅರ್ಧ ಗಂಟೆಯಾದ ಮೇಲೆ ಎದ್ದು ನಿಂತು, ತಕ್ಕಡಿಯನ್ನು ನನ್ನ ಕಡೆ ತಿರುಗಿಸಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲಿ ಹೇಳಿದರು.

“ಯಜಮಾನರು ಓದಬೇಕು. ಜೋರಾಗಿ.”

ನಾನು ಹಿಟ್ಟಿನ ಕೈ ಒರೆಸಿಕೊಂಡು ಬಗ್ಗಿ ಮುಳ್ಳು ನೋಡಿದೆ.

“ಒಂದು ಕಿಲೋ” ಎಂದೆ, ಜೋರಾಗಿ.

ಮನೆಯ ತಕ್ಕಡಿಗೆ ಮುದ್ರೆ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಮಾವ ಚೀಲದಿಂದ ಮುದ್ರೆ ತೆಗೆದು, ಒಂದೇ ಏಟಿಗೆ ಒತ್ತಿದರು.